ಹತ್ತು ಮನೆ ಸಾಕು

ಸೋಂಪು ಜಗಿಯುತ್ತಲೇ ಅವನು ಆ ಮಾತು ಹೇಳಿದ. "ನಮ್ಮೋರು ಹತ್ತು ಮನೆ ಇದ್ರೆ ಸಾಕು ಸರ್. ಹನ್ನೊಂದನೇ ಮನೆ ಬಂತು ಅಂದ್ರೆ ಊರು ಕೆಡ್ತು ಅಂತಲೇ ತಿಳ್ಕೊಳ್ಳಿ." ಹೇಳುತ್ತ ಎಡಗೈಯಲ್ಲಿ ಹೋಟೆಲಿನ ಕಿಟಕಿಯಾಚೆ ತೋರಿಸಿದ. ಬಲಗೈ ಇನ್ನೂ ಎಂಜಲಾಗಿತ್ತು. ಬೆರಳ ಸಂದಿಯಲ್ಲಿ ಸಾಗುವಿನ ಅರಿಸಿನ ಒಣಗುತ್ತಿತ್ತು.

ಕಿಟಕಿಯಾಚೆ ಇದ್ದದ್ದು ಲಾಸ್ ಏಂಜಲೀಸ್ ಮಗ್ಗುಲಿನ ಆರ್ಟೀಸಿಯಾದ ಬೀದಿ. ಸೀರೆ ಅಂಗಡಿ, ಬಂಗಾರದ ಅಂಗಡಿ, ಹುಬ್ಬು ತಿದ್ದುವ ಅಂಗಡಿ, ಪಾರ್ಕಿಂಗ್ ಸಿಗದೆ ಹಾರ್ನ್ ಹೊಡೆಯುತ್ತಿದ್ದ ವ್ಯಾನು, ಫುಟ್‌ಪಾತಿನ ಮೇಲೆ ಎಣ್ಣೆ ಹೀರಿದ ಕಾಗದ. ಊರು ಕೆಡುವುದೆಂದರೆ ಹೀಗೆ, ಎನ್ನುವುದು ಅವನ ಮಾತಿನ ಅರ್ಥ. ಅವನ ಕಾಲ ಬುಡದಲ್ಲಿ ಚೀಲಗಳಿದ್ದವು. ಸಾರಿನ ಪುಡಿ, ಹುರಿಗಡಲೆ, ಗಂಧದ ಸೋಪು, ಹಪ್ಪಳ, ಒಂದು ಇಡ್ಲಿ ಕುಕ್ಕರು. ಎಲ್ಲವನ್ನೂ ಅವತ್ತು ಬೆಳಗಿನಿಂದ ಅದೇ ಬೀದಿಯಲ್ಲಿ ಕೊಂಡಿದ್ದ.

ಇಲ್ಲಿ ಅವನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ. ಎದುರಿಗೆ 'ನೀವು' ಎಂದೇ ಮಾತಾಡಿಸಿದ್ದೆ, ಅವನು ಕೈ ತೊಳೆದು ಬಂದ ಮೇಲೆ ಕೈಯನ್ನೂ ಕುಲುಕಿದ್ದೆ. ಒದ್ದೆ ಕೈ, ಅದರಲ್ಲಿ ಅಗ್ಗದ ನಿಂಬೆ ಸೋಪಿನ ವಾಸನೆ. ಆ ವಾಸನೆ ನನ್ನ ಕಾರಿನ ಸ್ಟಿಯರಿಂಗ್‌ಗೆ ಅಂಟಿಕೊಂಡು ಸ್ಯಾನ್ ಡಿಯಾಗೋವರೆಗೂ ಬಂತು. ವಾಸನೆಯ ವಿಷಯದಲ್ಲಿ ನನ್ನ ನೆನಪನ್ನು ನಂಬುತ್ತೇನೆ. ಮಾತಿನ ವಿಷಯದಲ್ಲಿ ಅಷ್ಟು ಧೈರ್ಯವಿಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ.

ಅವನು ಬೆಂಗಳೂರಿನವನು. ಬಹಳ ವರ್ಷಗಳ ಹಿಂದೆ ಯೂರೋಪಿನ ಒಂದು ಪುಟ್ಟ ದೇಶಕ್ಕೆ ಹೋಗಿ ಅಲ್ಲೇ ನೆಲೆಸಿದ್ದ. ಆ ದೇಶದ ಹೆಸರು ಹೇಳುವುದಿಲ್ಲ. ಭೂಪಟದಲ್ಲಿ ಅದರ ಹೆಸರು ಅದರ ಗಡಿಯೊಳಗೆ ಹಿಡಿಸುವುದಿಲ್ಲ, ಪಕ್ಕದ ಸಮುದ್ರದಲ್ಲಿ ಬರೆದಿರುತ್ತಾರೆ. ಆ ಬೇಸಿಗೆ ಅವನು ಲಾಸ್ ಏಂಜಲೀಸಿನಲ್ಲಿರುವ ತಂಗಿಯ ಮನೆಗೆ ಬಂದಿದ್ದ. ಅವನು ಕೆಲಸ ಮಾಡುತ್ತಿದ್ದ ಕಂಪನಿಗೆ ಟೆಲಿಕಾಂ ಎಂಜಿನಿಯರುಗಳು ಬೇಕಾಗಿದ್ದರು. ಯಾರನ್ನು ತೆಗೆದುಕೊಳ್ಳಬೇಕೆಂಬುದರಲ್ಲಿ ಅವನ ಮಾತು ನಡೆಯುತ್ತಿತ್ತು. ಅದಕ್ಕಾಗಿ ನನ್ನ ಗೆಳೆಯ ಅವನಿಗೆ ಊಟ ಹಾಕಿಸುತ್ತಿದ್ದ. ನಾನು ಜೊತೆಗೆ ಹೋಗಿದ್ದೆ, ಡ್ರೈವ್ ಮಾಡಲು.

ಗೆಳೆಯ ಧಾರವಾಡದ ಕಡೆಯವನು. ಸ್ಯಾನ್ ಡಿಯಾಗೋದ ಫೋರ್ ಎಸ್ ರ್ಯಾಂಚ್ ಬಡಾವಣೆಯಲ್ಲಿ ಮನೆ. ಹೆಂಡತಿ ಬೆಂಗಳೂರಿನವಳು, ಒಬ್ಬಳೇ ಮಗಳು. ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಈ ದೇಶಕ್ಕೆ ಬಂದವರು, ಅವಳು ಲಾ ಹೋಯಾದ ಯೂನಿವರ್ಸಿಟಿಯಲ್ಲಿ ಸಮುದ್ರ ವಿಜ್ಞಾನ ಓದುವ ಹೊತ್ತಿಗೂ ಗ್ರೀನ್ ಕಾರ್ಡಿನ ಸಾಲಿನಲ್ಲೇ ನಿಂತಿದ್ದರು. ಸಾಲು ಕದಲುತ್ತಿರಲಿಲ್ಲ. ಮಗಳು ಅಪ್ಪನ ವೀಸಾದ ನೆರಳಿನಲ್ಲಿದ್ದಳು. ಇಪ್ಪತ್ತೊಂದು ತುಂಬಿದ ದಿನ ಆ ನೆರಳು ಹೋಗುತ್ತದೆ. ಆಮೇಲೆ ಅವಳು ಬೇರೆ ದೇಶದಿಂದ ಓದಲು ಬಂದ ಹುಡುಗಿಯ ಲೆಕ್ಕ. ಓದು ಮುಗಿದರೆ ಹೊರಡಬೇಕು, ಅಥವಾ ಅಪ್ಪ ನಿಂತ ಸಾಲಿನ ತುದಿಗೆ ಹೋಗಿ ತಾನೂ ನಿಲ್ಲಬೇಕು. ಆ ಹುಟ್ಟುಹಬ್ಬ ಹತ್ತಿರವಾಗುತ್ತಿತ್ತು.

"ಮೂರೂ ಮಂದಿ ಒಂದ ದೇಶದಾಗ ಇರಬೇಕು. ಅಷ್ಟ ನೋಡು ನನಗ ಬೇಕಾಗಿದ್ದು," ಎಂದು ಗೆಳೆಯ ಆ ವರ್ಷವಿಡೀ ಹೇಳುತ್ತಿದ್ದ. ಪುಟ್ಟ ದೇಶದಲ್ಲಿ ಕೆಲವೇ ವರ್ಷಕ್ಕೆ ಪೌರತ್ವ ಕೊಡುತ್ತಾರಂತೆ, ಮಗಳಿಗೆ ಈ ಮನುಷ್ಯನೇ ಅಲ್ಲಿಯ ಕಾಲೇಜಿನಲ್ಲಿ ಸೀಟು ಕೊಡಿಸುತ್ತಾನಂತೆ, ಎಂದೆಲ್ಲ.

ಹಾಗಾಗಿ ಆ ಹೋಟೆಲಿನಲ್ಲಿ ಕೂತು ನಾವು ಹತ್ತು ಮನೆಯ ಸಿದ್ಧಾಂತ ಕೇಳಿದೆವು. ಅವರ ಊರಿನಲ್ಲಿ ಕನ್ನಡ ಸಂಘವಿಲ್ಲ, ಮಾಡುವುದೂ ಇಲ್ಲ. ಹಬ್ಬಕ್ಕೆ ಒಬ್ಬರ ಮನೆಗೆ ಒಬ್ಬರು ಹೋಗುವುದಿಲ್ಲ.

"ಬಾಗಿಲಲ್ಲಿ ಚಪ್ಪಲಿ ರಾಶಿ ಬಿದ್ರೆ ಪಕ್ಕದೋರು ನೋಡ್ತಾರೆ ಸರ್. ನೋಡಿದ್ರೆ ಎಣಿಸ್ತಾರೆ. ಅಂಗಡೀಲಿ ಎದುರಾದ್ರೆ ಒಂದ್ಸಲ ತಲೆ ಆಡಿಸ್ತೀವಿ, ಮುಗೀತು. ಹೊಸಬರು ಬಂದ್ರೆ ನಾವಾಗೇ ಹೋಗಿ ಮಾತಾಡ್ಸಲ್ಲ. ಮಾತಾಡ್ಸಿದ್ರೆ ಅವರು ಅಣ್ಣನ್ನ ಕರೆಸ್ತಾರೆ, ಅಣ್ಣ ಭಾವಮೈದನನ್ನ ಕರೆಸ್ತಾನೆ."

"ಕರೆಕ್ಟ್," ಎಂದ ಗೆಳೆಯ.

"ಅಲ್ಲಿಯ ಜನ ಒಳ್ಳೆಯವರು. ಆದ್ರೆ ಅವರ ಒಳ್ಳೇತನ ಎಷ್ಟಿದೆಯೋ ಅಷ್ಟೇ ಇದೆ. ಹಂಚ್ಕೊಂಡ್ರೆ ತೆಳ್ಳಗಾಗುತ್ತೆ."

"ಕರೆಕ್ಟ್ ರೀ," ಎಂದ ಗೆಳೆಯ ಮತ್ತೆ. ಬಿಲ್ಲು ಕೊಟ್ಟ. ಚೀಲಗಳನ್ನು ತಂಗಿಯ ಕಾರಿನವರೆಗೆ ತಾನೇ ಹೊತ್ತ. ಇಡ್ಲಿ ಕುಕ್ಕರನ್ನು ಮಗುವಿನಂತೆ ಎದೆಗವಚಿಕೊಂಡು ನಡೆದ.

ವಾಪಸು ಬರುವಾಗ ಫ್ರೀವೇ ಪಕ್ಕದಲ್ಲಿ ಓಡುತ್ತಿರುವ ಗಂಡ, ಹೆಂಡತಿ, ಅವಳು ಕೈ ಹಿಡಿದು ಎಳೆದೊಯ್ಯುವ ಜಡೆಯ ಹುಡುಗಿಯ ಚಿತ್ರವಿರುವ ಹಳದಿ ಬೋರ್ಡನ್ನು ನೋಡಿದೆ ಎಂದು ನನ್ನ ನೆನಪು. ಗಡಿ ದಾಟಿ ಬಂದವರು ರಸ್ತೆಗೆ ಅಡ್ಡ ಓಡುತ್ತಾರೆ, ಕಾರಿನವರು ಎಚ್ಚರವಾಗಿರಿ ಎಂದು ಹಿಂದೆ ಹಾಕಿದ್ದ ಬೋರ್ಡು ಅದು. "ನಿಮ್ಮ ಮೂರೂ ಮಂದಿ ಅಲ್ಲೇ ಓಡ್ತಿದ್ದಾರೆ ನೋಡು" ಎಂದು ನಾನು ಗೆಳೆಯನಿಗೆ ಹೇಳಿದೆ, ಅವನು ನಗಲಿಲ್ಲ. ಇಷ್ಟು ಸ್ಪಷ್ಟವಾಗಿ ನೆನಪಿದೆ. ಆದರೆ ಅಂಥ ಬೋರ್ಡುಗಳಲ್ಲಿ ಕೊನೆಯದೂ ನಾವು ಹೋಗುವುದಕ್ಕೆ ವರ್ಷಗಳ ಮೊದಲೇ ಇಲ್ಲವಾಗಿತ್ತೆಂದು ಆಮೇಲೆ ಓದಿದೆ. ಹಾಗಾದರೆ ನಾನು ತೋರಿಸಿದ್ದು ಏನನ್ನು? ಅವನು ನಗದೇ ಇದ್ದದ್ದು ಯಾವುದಕ್ಕೆ? ನಾನು ಓದಿದ್ದು ಅಳತೆಗಳನ್ನು ಅನುಮಾನಿಸುವ ವಿದ್ಯೆ. ಸ್ಯಾನ್ ಡಿಯಾಗೋ ಪಕ್ಕದ ಪೊವೇಯಲ್ಲಿ ಸೆನ್ಸರುಗಳ ತಪ್ಪು ಹಿಡಿಯುವುದೇ ನನಗೆ ಸಂಬಳದ ಕೆಲಸ. ನನ್ನ ತಲೆಯೊಳಗಿನ ಸೆನ್ಸರಿಗೆ ಇಂಥ ತಪ್ಪುಗಳಿವೆ ಎಂದು ಓದುವವರಿಗೆ ಮೊದಲೇ ತಿಳಿಸಿಬಿಡುವುದು ಒಳ್ಳೆಯದು.

ಆ ಮನುಷ್ಯ ಹೊರಡುವ ಮುಂಚೆ ಗೆಳೆಯನ ಮನೆಯನ್ನು ನೋಡಬೇಕೆಂದ. 'ನೋಡಬೇಕು' ಎಂದೇ ಹೇಳಿದ್ದ. ಹೆಣ್ಣು ನೋಡುವ ಹಾಗೆ. ಭಾನುವಾರ ಮಧ್ಯಾಹ್ನದ ಊಟಕ್ಕೆ ಕರೆದರು. ನಾವು ಗಂಡ ಹೆಂಡತಿ ಹೋಗಬೇಕಾಯಿತು.

ಆ ಊಟದ ಕತೆಗೆ ಮೊದಲು ಇಲ್ಲಿಯ ಒಂದು ರೂಢಿ ಹೇಳಬೇಕು. ನಮ್ಮ ಕಡೆಯವರು ಯಾರಾದರೂ ಹೊಸದಾಗಿ ಈ ಊರಿಗೆ ಬಂದರೆ ಮೊದಲ ವಾರ ಅವರ ಮನೆಯಲ್ಲಿ ಒಲೆ ಹಚ್ಚಬಾರದು. ದಿನಕ್ಕೊಂದು ಮನೆಯಿಂದ ಊಟ ಹೋಗುತ್ತದೆ. ಯಾವ ದಿನ ಯಾರ ಮನೆ ಎಂದು ಹೊಂದಿಸುತ್ತಿದ್ದವಳು ಗೆಳೆಯನ ಹೆಂಡತಿ. ವಾಟ್ಸಾಪಿನಲ್ಲಿ ಅದಕ್ಕೇ ಒಂದು ಗುಂಪಿತ್ತು. ಊಟ ಹೋಗುವುದು ಸ್ಟೀಲಿನ ಡಬ್ಬಿಯಲ್ಲಿ. ಪ್ಲಾಸ್ಟಿಕ್ ಕೊಟ್ಟರೆ ಅವಳು ಮುಖ ಸಿಂಡರಿಸುತ್ತಿದ್ದಳು. ಅವಳ ಡಬ್ಬಿಗಳ ಮೇಲೆಲ್ಲ ಅವಳ ಹೆಸರಿತ್ತು, ಊರಿನ ಪಾತ್ರೆ ಅಂಗಡಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಹೊಡೆಸಿದ್ದು. ಡಬ್ಬಿ ಪಡೆದವರು ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ, ಖಾಲಿ ವಾಪಸು ಕೊಡುವ ಹಾಗೂ ಇಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆ. ಆ ಚಮಚ ಸಕ್ಕರೆಯನ್ನು ಹಿಡಿದು ಬಂದವರು ಒಳಗೆ ಬಂದು ಕೂರುತ್ತಾರೆ, ಕಾಫಿ ಕುಡಿಯುತ್ತಾರೆ, ಹಲ್ಲಿನ ಡಾಕ್ಟರು ಎಲ್ಲಿ, ಡ್ರೈವಿಂಗ್ ಟೆಸ್ಟು ಹೇಗೆ ಎಂದು ಕೇಳುತ್ತಾರೆ. ಪರಿಚಯವಾಗುವುದೇ ಡಬ್ಬಿ ವಾಪಸು ಬಂದ ದಿನ.

ಆ ಭಾನುವಾರಕ್ಕೆ ಮೊದಲಿನ ಗುರುವಾರ ಗೆಳೆಯನ ಮನೆಯಿಂದ ನಾಲ್ಕು ಬಾಗಿಲಾಚೆ ಒಂದು ಎಳೆಯ ಜೋಡಿ ಬಾಡಿಗೆಗೆ ಬಂದಿತ್ತು. ಬೆಂಗಳೂರಿನವರು. ಅವರಿಗೆ ಮೊದಲ ಡಬ್ಬಿ ಗೆಳೆಯನ ಹೆಂಡತಿಯದೇ ಹೋಗಿತ್ತು.

ಭಾನುವಾರ ಬೆಳಿಗ್ಗೆ ಗೆಳೆಯನ ಫೋನು ಬಂತು. "ಕಾರು ಆಚಿ ಬೀದ್ಯಾಗ ನಿಲ್ಸು. ಮನಿ ಮುಂದ ಗದ್ದಲ ಕಾಣಬಾರ್ದು."

"ಎರಡು ಜನಕ್ಕೆ ಗದ್ದಲ ಅಂತೀಯಾ?"

"ನೀ ಸುಮ್ನ ನಿಲ್ಸಪಾ."

ಹೋಗಿ ನೋಡಿದರೆ ಬಾಗಿಲ ಮೇಲಿನ ತೋರಣ ಇರಲಿಲ್ಲ, ಎರಡು ಮೊಳೆ ಮಾತ್ರ ಉಳಿದಿದ್ದವು. ಹೊಸ್ತಿಲಾಚೆ ರಂಗೋಲಿ ತೊಳೆದ ಒದ್ದೆ. ಚಪ್ಪಲಿ ಸ್ಟ್ಯಾಂಡು ಗ್ಯಾರೇಜಿಗೆ ಹೋಗಿತ್ತು. ಒಳಗೆ ಒಗ್ಗರಣೆಯ ವಾಸನೆ ಮುಚ್ಚಲು ಲ್ಯಾವೆಂಡರ್ ಮೇಣದಬತ್ತಿಗಳನ್ನು ಹಚ್ಚಿದ್ದರು. ಇಂಗು ಮತ್ತು ಲ್ಯಾವೆಂಡರ್ ಸೇರಿ ಹುಟ್ಟುವ ವಾಸನೆಗೆ ಹೆಸರಿಲ್ಲ. ಶವದ ಮನೆಯಲ್ಲಿ ಯಾರೋ ಪುಳಿಯೋಗರೆ ಮಾಡಿದಂತಿತ್ತು.

ಅವನು ಬಂದ. ಬಾಗಿಲಲ್ಲಿ ನಿಂತು, "ಶೂ ಬಿಚ್ಬೇಕಾ?" ಎಂದ.

"ಏ ಬ್ಯಾಡ್ರಿ, ಬ್ಯಾಡ್ರಿ. ಹಂಗ ಬರ್ರಿ," ಎಂದ ಗೆಳೆಯ.

ಅವನು ಹಾಗೆಯೇ ಬಂದ. ದೇವರ ಕೋಣೆಯ ಮುಂದಿನಿಂದ ಆ ಶೂಗಳು ಕಾರ್ಪೆಟ್ ಮೇಲೆ ಹಾದುಹೋಗುವುದನ್ನು ಗೆಳೆಯನ ಹೆಂಡತಿ ನೋಡಿದಳು. ಇಡೀ ಮಧ್ಯಾಹ್ನ ಅವಳು ಆ ದಾರಿಯನ್ನು ತುಳಿಯದೆ ಸುತ್ತಿಕೊಂಡೇ ಅಡುಗೆಮನೆಗೆ ಹೋಗಿ ಬಂದಳು.

ಅವನು ಚೆನ್ನಾಗಿ ಉಂಡ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೆ ಚಿತ್ರಾನ್ನ. ಮತ್ತೆ ಮತ್ತೆ ಹಾಕಿಸಿಕೊಂಡ. ಹಾಕಿಸಿಕೊಳ್ಳುತ್ತಲೇ, "ಇದೆಲ್ಲ ಅಲ್ಲಿ ಹಿಂಗೆ ಮಾಡೋಕಾಗಲ್ಲ ಮೇಡಂ. ನಾವು ಒಗ್ಗರಣೆ ಹಾಕೋದು ಕಿಟಕಿ ಎಲ್ಲ ಮುಚ್ಚಿ, ಶನಿವಾರ ಮಾತ್ರ," ಎಂದ.

"ಹೊಸಬರು ಬಂದ್ರೆ ಅವರಿಗೆ ಊಟ ಯಾರು ಕೊಡ್ತಾರೆ?" ಎಂದಳು ಗೆಳೆಯನ ಹೆಂಡತಿ.

"ಯಾರೂ ಕೊಡಲ್ಲ. ಅದೇ ಚೆನ್ನಾಗಿರೋದು."

ಮಗಳು ತಲೆಯೆತ್ತಿದಳು. ಅವಳು ನಮ್ಮೊಂದಿಗೆ ಇಂಗ್ಲಿಷಿನಲ್ಲೇ ಮಾತಾಡುವವಳು, ಆವತ್ತೂ ಅಷ್ಟೇ. ಬಹಳ ವಿನಯದಿಂದ ಕೇಳಿದಳು: ಅಂಕಲ್, ನಿಮ್ಮ ಹತ್ತು ಮನೆಯಲ್ಲಿ ನಾವು ಎಷ್ಟನೆಯವರಾಗುತ್ತೇವೆ?

ಅವನಿಗೆ ಪ್ರಶ್ನೆ ಹಿಡಿಸಿತು. "ಹತ್ತು ತುಂಬಿತ್ತು ಕಣಮ್ಮ. ಈಗ ಒಂದು ಖಾಲಿ ಆಗಿದೆ. ಒಬ್ಬರು ಹೋಗ್ಬಿಟ್ರು, ಹಾರ್ಟು. ಅವರ ಮಿಸೆಸ್ಸು ಮಗನ್ನ ಕರ್ಕೊಂಡು ಇಂಡಿಯಾಕ್ಕೆ ವಾಪಸ್ ಹೋದ್ರು. ಹಾಗಾಗಿ ಜಾಗ ಇದೆ."

"ಅವರ ಮನೆಗೆ ನೀವೆಲ್ಲ ಹೋಗಿದ್ರಾ?" ಎಂದಳು ತಾಯಿ.

"ಮೆಸೇಜ್ ಮಾಡಿದ್ವಿ." ಚಟ್ನಿಗೆ ಕೈ ಚಾಚಿದ. "ಎಲ್ಲರೂ ಮಾಡಿದ್ವಿ."

ಆಗ ಬಾಗಿಲ ಗಂಟೆ ಬಾರಿಸಿತು. ಗೆಳೆಯ ಎದ್ದು ಹೋಗಿ ಅರ್ಧ ಬಾಗಿಲು ತೆಗೆದ. ನಾನು ಕೂತಲ್ಲಿಂದ ಕಾಣುತ್ತಿತ್ತು: ಆ ಎಳೆಯ ಜೋಡಿ. ಹುಡುಗಿಯ ಕೈಯಲ್ಲಿ ಹೊಳೆಯುವ ಸ್ಟೀಲಿನ ಡಬ್ಬಿ. ಸೀರೆಯುಟ್ಟು ಬಂದಿದ್ದಳು, ಮೊದಲ ಸಲ ಒಬ್ಬರ ಮನೆಗೆ ಹೋಗುತ್ತಿದ್ದೇವೆ ಎಂದು.

"ನಮಸ್ಕಾರ ಅಂಕಲ್. ಡಬ್ಬಿ ಕೊಟ್ಟು, ಆಂಟೀನ ಮಾತಾಡಿಸ್ಕೊಂಡು ಹೋಗೋಣ ಅಂತ…"

"ಸಾರಿ. ವೀ ಆರ್ ಬಿಜಿ. ಲೇಟರ್, ಓಕೆ?" ಎಂದ ನನ್ನ ಗೆಳೆಯ, ಧಾರವಾಡದವನು, ಅವರ ಕನ್ನಡಕ್ಕೆ ಇಂಗ್ಲಿಷಿನಲ್ಲಿ. ಡಬ್ಬಿಗೆ ಕೈ ಚಾಚಲಿಲ್ಲ. ಬಾಗಿಲು ಹಾಕಿದ.

"ಯಾರು?" ಎಂದ ಅತಿಥಿ.

"ಯಾರೋ. ಅಡ್ರೆಸ್ ತಪ್ಪಿ ಬಂದಿದ್ರು."

ಅತಿಥಿ ಒಪ್ಪಿಗೆಯಂತೆ ತಲೆಯಾಡಿಸಿದ. ಆ ತಲೆಯಾಟದಲ್ಲೇ ಗೆಳೆಯನಿಗೆ ಕೆಲಸ ಸಿಕ್ಕಿತು ಎಂದು ನನಗನ್ನಿಸಿತು. ಮಗಳು ಅಪ್ಪನನ್ನೇ ನೋಡುತ್ತಿದ್ದಳು. ತಾಯಿಯ ಕೈಯಲ್ಲಿ ಸೌಟು ಚಿತ್ರಾನ್ನದ ಮೇಲೆ ಹಾಗೇ ನಿಂತಿತ್ತು. ಹುಡುಗಿ ಮೆಟ್ಟಿಲಿಳಿಯುವಾಗ ಡಬ್ಬಿಯ ಸಡಿಲ ಮುಚ್ಚಳ ಟಣ್ ಟಣ್ ಎಂದದ್ದು ಕೇಳಿಸಿತು ಎಂದು ನಾನು ಹೇಳಿದರೆ ನನ್ನ ಹೆಂಡತಿ ಒಪ್ಪುವುದಿಲ್ಲ. ಬಾಗಿಲು ಹಾಕಿತ್ತು, ಎ.ಸಿ. ಓಡುತ್ತಿತ್ತು, ಹೇಗೆ ಕೇಳಿಸುತ್ತದೆ ಎನ್ನುತ್ತಾಳೆ. ಅವಳಿಗೆ ನೆನಪಿರುವುದು ಅತಿಥಿ ಅದಾದ ಮೇಲೆ ತೇಗಿದ್ದು. ಅದೂ ನಿಜವಿರಬಹುದು.

ಆಮೇಲಿನದೆಲ್ಲ ಬೇಗ ನಡೆಯಿತು. ಗೆಳೆಯನ ಕಂಪನಿಯಲ್ಲಿ ಜನರನ್ನು ತೆಗೆದರು, ಅವನೂ ಹೋದ. ಇಲ್ಲಿ ಬೇರೆ ಕೆಲಸ ಹುಡುಕಲು ವೀಸಾ ಕೊಡುವ ಸಮಯ ಎಷ್ಟು ಚಿಕ್ಕದೆಂದು ಗೊತ್ತಿದ್ದವರಿಗೆ ಗೊತ್ತು. ಪುಟ್ಟ ದೇಶದ ಕೆಲಸ ಬಂತು. ಎಲ್ಲ ಅವನು ಬಯಸಿದಂತೆಯೇ ಆಯಿತು, ಮಗಳ ವಿಷಯ ಬಿಟ್ಟು.

ಅವರ ಡ್ರೈವ್‌ವೇಯಲ್ಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಆ ಮಾತು ನಡೆಯಿತು. ನಾನು ಅವರ ರುಬ್ಬುವ ಗ್ರೈಂಡರನ್ನು ನನ್ನ ಕಾರಿಗೆ ಹಾಕಿಕೊಳ್ಳುತ್ತಿದ್ದೆ.

"ಅಲ್ಲಿ ಸೀಟು ಕೊಡಸ್ತಾನ ಅವ. ಮೂರೂ ಮಂದಿ ಒಂದ ಕಡೆ ಇರ್ತೀವಿ," ಎಂದ ಅಪ್ಪ.

"ಅಪ್ಪಾ," ಎಂದಳು ಮಗಳು, ಉಳಿದದ್ದು ಇಂಗ್ಲಿಷಿನಲ್ಲಿ. ಅಲ್ಲಿಯೂ ನಾನು ಪರ್ಮಿಟ್ ಮೇಲಿರುವ ವಿದ್ಯಾರ್ಥಿನಿ, ಇಲ್ಲಿಯೂ ಪರ್ಮಿಟ್ ಮೇಲಿರುವ ವಿದ್ಯಾರ್ಥಿನಿ. ಇಲ್ಲಿಯ ಸಮುದ್ರವಾದರೂ ನನಗೆ ಗೊತ್ತು. ಅಲ್ಲಿ ಮನೆಗೆ ಯಾರೂ ಬರುವುದಿಲ್ಲ.

"ಯಾರ್ ಬರಬೇಕಾಗೇದ? ನಾವಿರ್ತೀವಲ್ಲ."

"ಡಬ್ಬಿ ತಂದವರಿಗೆ ನೀನು ಬಾಗಿಲು ಹಾಕಿದೆ, ಅಪ್ಪಾ."

"ನಿನ್ನ ಸಲುವಾಗೇ ಹಾಕಿದ್ದು," ಎಂದ ಅವನು. ಹಾಗೆಂದು ಅವನು ನಿಜವಾಗಿ ನಂಬಿದ್ದ. ನನಗೆ ಅಸಹ್ಯವಾದದ್ದು ಅದೇ. ಸುಳ್ಳು ಹೇಳಿದ್ದರೆ ಕ್ಷಮಿಸಬಹುದಿತ್ತು.

ಗಂಡ ಹೆಂಡತಿ ಹೋದರು. ಮಗಳು ವಿದ್ಯಾರ್ಥಿ ವೀಸಾಕ್ಕೆ ಅಪ್ಲೈ ಮಾಡಿ ಲಾ ಹೋಯಾ ಹತ್ತಿರ ನಾಲ್ಕಾರು ಜನ ಸೇರಿ ಹಿಡಿದ ಮನೆಯಲ್ಲಿ ಒಂದು ಕೋಣೆಗೆ ಹೋದಳು. ಮೂರು ಮಂದಿಯನ್ನು ಒಂದು ಕಡೆ ಇಡಲು ಮಾಡಿದ ಕೆಲಸದಿಂದ ಮೂವರು ಎರಡು ಭೂಖಂಡಗಳಲ್ಲಿ ಬಿದ್ದರು.

ಊಟದ ಗುಂಪನ್ನು ಬೇರೊಬ್ಬ ಮಹಿಳೆ ವಹಿಸಿಕೊಂಡಿದ್ದರು. ಹುಡುಗಿ ಕೋಣೆ ಬದಲಿಸಿದ್ದಾಳೆ, ಒಬ್ಬಳೇ ಇದ್ದಾಳೆ, ಒಂದು ವಾರ ಅವಳಿಗೂ ಡಬ್ಬಿ ಹೋಗಲಿ ಎಂದು ಬರೆದೆ. ಆ ಗುಂಪನ್ನು ಕಟ್ಟಿದವಳ ಮಗಳು ಎಂದೂ ಬರೆದೆ. ಉತ್ತರ ಬಂತು: "ಇದು ಹೊಸದಾಗಿ ಬಂದ ಫ್ಯಾಮಿಲಿಗಳಿಗೆ ಮಾತ್ರ ಸರ್." ಅದರ ಕೆಳಗೆ ಇನ್ನೊಬ್ಬರು: "ಆ ಮನೇಲಿ ಹುಡುಗ್ರೂ ಇದಾರಂತಲ್ಲ." ಅದರ ಕೆಳಗೆ ಹೆಬ್ಬೆರಳುಗಳು. ಹಳದಿ ಹೆಬ್ಬೆರಳು, ಕಂದು ಹೆಬ್ಬೆರಳು. ಬಣ್ಣ ಆರಿಸುವಷ್ಟು ಪುರುಸೊತ್ತು ಕೆಲವರಿಗಿತ್ತು. ಈ ಹೆಬ್ಬೆರಳುಗಳ ಯಜಮಾನರೆಲ್ಲ ದೀಪಾವಳಿಗೆ ಅವಳ ತಾಯಿ ಮಾಡಿದ ಕರಜಿಕಾಯಿ ತಿಂದವರು. ನಾನೂ ನನ್ನ ಹೆಂಡತಿಯೂ ಒಂದು ಶನಿವಾರ ಹೋಗಿ ಊಟ ಕೊಟ್ಟು ಬಂದೆವು. ಮನೆಯಲ್ಲಿದ್ದ ಹುಡುಗರಲ್ಲೊಬ್ಬ ಬಂದು ನಮ್ಮ ಕೈಯಿಂದ ಚೀಲ ಇಸಿದುಕೊಂಡು ಥ್ಯಾಂಕ್ಸ್ ಹೇಳಿದ. ಗುಂಪಿಗೆ ಹೋಲಿಸಿದರೆ ಬಹಳ ಸಭ್ಯ ಹುಡುಗ.

ಮುಂದಿನ ವರ್ಷ ಆ ಎಳೆಯ ಜೋಡಿಯ ಗಂಡನಿಗೆ ಕೆಲಸ ಹೋಯಿತು. ಅವನೂ ಪೊವೇಯ ಬಿಸಿನೆಸ್ ಪಾರ್ಕಿನಲ್ಲೇ ಇದ್ದ, ನನ್ನ ಆಫೀಸಿನಿಂದ ಎರಡು ಕಟ್ಟಡ ಆಚೆ. ಕಾಫಿಗೆ ಕರೆದು ಸಂಕೋಚದಿಂದ ಕೇಳಿದ. "ಸರ್, ನಿಮ್ಮ ಫ್ರೆಂಡ್ ಆ ದೇಶದಲ್ಲಿದಾರಲ್ಲ, ನಂದೂ ಟೆಲಿಕಾಂ. ಒಂದು ಮಾತು ಹೇಳ್ತಾರಾ ಕೇಳಿ. ಬೇಜಾರಾದ್ರೆ ಬೇಡ." ಮುಚ್ಚಿದ ಬಾಗಿಲಿನ ವಿಷಯ ಅವನು ಎತ್ತಲಿಲ್ಲ.

ನಾನು ಗೆಳೆಯನಿಗೆ ಫೋನ್ ಮಾಡಿದೆ. ಅವನು ಮೊದಲು ಹವೆಯ ಬಗ್ಗೆ ಮಾತಾಡಿದ. ರಸ್ತೆಗಳು ಎಷ್ಟು ಸ್ವಚ್ಛ ಎಂದ. ಆಮೇಲೆ ಹೇಳಿದ: "ನೋಡಪಾ, ಬ್ಯಾಸರ ಮಾಡ್ಕೋಬ್ಯಾಡ. ಇಲ್ಲಿ ನಮ್ಮವರು ಹತ್ತು ಮನಿ ಇದ್ರ ಸಾಕು. ಹನ್ನೊಂದನೇ ಮನಿ ಬಂತಂದ್ರ ಊರು ಕೆಟ್ಟಂಗ."

"ಯಾರ ಮಾತು ಅದು?"

"ಯಾರ್ದಂದ್ರ? ನಂದ. ನಾ ಕಣ್ಣಾರೆ ನೋಡಾಕತ್ತೀನಿ."

ಫೋನ್ ಇಟ್ಟಾಗ ನನ್ನ ಕೈ ಒದ್ದೆಯಾಗಿತ್ತು, ಪ್ಯಾಂಟಿಗೆ ಒರೆಸಿಕೊಂಡೆ. ಅಂದಿನಿಂದ ಒಂದು ವಿಚಿತ್ರವಾಗಿದೆ. ಆರ್ಟೀಸಿಯಾದ ಆ ಹೋಟೆಲನ್ನು ನೆನೆದರೆ ಸೋಂಪು ಕಾಣುತ್ತದೆ, ಅರಿಸಿನದ ಬೆರಳು ಕಾಣುತ್ತದೆ, ಆದರೆ ಆ ಮಾತು ಕೇಳಿಸುವುದು ಧಾರವಾಡದ ಧಾಟಿಯಲ್ಲಿ. ಬೆಂಗಳೂರಿನವನ ದನಿ ಅಳಿಸಿಹೋಗಿದೆ. ಈ ಕತೆಯ ಮೊದಲಲ್ಲಿ ಅದನ್ನು ಅವನ ಬಾಯಿಗೆ ಹಾಕಿ ಬರೆದದ್ದು, ಅವನೇ ಹೇಳಿರಬೇಕು ಎಂಬ ತರ್ಕದಿಂದ. ಮೊದಲ ಸಲವೂ ಅದನ್ನು ಗೆಳೆಯನೇ ಹೇಳಿದ್ದನೇ, ಅತಿಥಿ ಬರೀ ತಲೆಯಾಡಿಸಿದ್ದನೇ ಎಂದು ಕೇಳಿಕೊಂಡರೆ ಪ್ರಮಾಣ ಮಾಡಲಾರೆ. ಹೆಂಡತಿ ಅಲ್ಲಿರಲಿಲ್ಲ. ಕೇಳಲು ಬೇರೆ ಯಾರೂ ಇಲ್ಲ.

ಕೆಲಸ ಕೇಳಿದ್ದ ಹುಡುಗನಿಗೆ ಇಲ್ಲ ಎಂದು ತಿಳಿಸಿದೆ. ಅವನು "ಪರವಾಗಿಲ್ಲ ಸರ್" ಎಂದ. ಅವರು ಬೆಂಗಳೂರಿಗೆ ವಾಪಸು ಹೊರಟರು.

ಹೊರಡುವ ವಾರದ ಶನಿವಾರ ಬೆಳಿಗ್ಗೆ ಗೆಳೆಯನ ಮಗಳು ನಮ್ಮ ಮನೆಗೆ ಬಂದಳು. ಬಾಗಿಲಲ್ಲಿ ಶೂ ಬಿಚ್ಚಿ ಗೋಡೆಗೆ ಒರಗಿಸಿಟ್ಟಳು. ಕೈಯಲ್ಲಿ ಸ್ಟೀಲಿನ ಡಬ್ಬಿ, ಅದರ ಮೇಲೆ ಚುಕ್ಕೆ ಚುಕ್ಕೆಯಾಗಿ ಅವಳ ತಾಯಿಯ ಹೆಸರು.

"ಅವರು ತಂದುಕೊಟ್ರು, ಆಂಟಿ," ಎಂದು ನನ್ನ ಹೆಂಡತಿಗೆ ಹೇಳಿದಳು. ಆ ಎಳೆಯ ಜೋಡಿಗೆ ಸಾಮಾನು ಕಟ್ಟುವಾಗ ಡಬ್ಬಿ ಸಿಕ್ಕಿತಂತೆ. ಅವಳು ಇರುವ ಮನೆ ಹುಡುಕಿಕೊಂಡು, ಬಿಸಿಬೇಳೆಬಾತ್ ತುಂಬಿಸಿ ತಂದು ಕೊಟ್ಟು, ಇಷ್ಟು ದಿನ ಇಟ್ಟುಕೊಂಡಿದ್ದಕ್ಕೆ ಸಾರಿ ಎಂದರಂತೆ. ಅದೇ ವಾರ ಅವಳ ಅಪ್ಪ ಫೋನಿನಲ್ಲಿ, ಒಬ್ಬ ರೆಫರಲ್ ಕೇಳಿದ್ದ, ಬುದ್ಧಿವಂತಿಕೆಯಿಂದ ತಪ್ಪಿಸಿಕೊಂಡೆ ಎಂದು ಹೇಳಿದ್ದ. ಯಾರೆಂದು ಅವಳಿಗೆ ತಿಳಿಯಲು ಹೊತ್ತು ಹಿಡಿಯಲಿಲ್ಲ.

"ಈಗ ಇದಕ್ಕೆ ಏನು ಹಾಕಬೇಕು?"

"ಡಬ್ಬಿ ನಿಮ್ಮಮ್ಮಂದೇ ಅಲ್ವೇನೇ. ಇಟ್ಕೋ," ಎಂದಳು ನನ್ನ ಹೆಂಡತಿ.

"ಅಮ್ಮ ಅವರಿಗೆ ಕೊಟ್ಟದ್ದು. ಅವರು ನನಗೆ ಕೊಟ್ಟದ್ದು. ಅಂದ್ರೆ ನಾನು ತಿರುಗಿ ಕೊಡಬೇಕು, ಖಾಲಿ ಕೊಡಬಾರದು. ರೂಲ್ ಅದೇ ತಾನೇ?" ಬಹಳ ಅಪರೂಪಕ್ಕೆ ಇಷ್ಟುದ್ದ ಕನ್ನಡ ಮಾತಾಡಿದಳು. 'ರೂಲ್' ಎಂದಾಗ ಅವಳ ಮುಖದಲ್ಲಿ ತಮಾಷೆ ಇರಲಿಲ್ಲ.

"ಹಂಗಾದ್ರೆ ದಾರಿಗೆ ಏನಾದ್ರೂ ಮಾಡಿ ಕೊಡು. ಚಪಾತಿ ಪಲ್ಯ ಬೇಡ, ನೀರು ಬಿಡುತ್ತೆ. ಅವಲಕ್ಕಿ ಒಗ್ಗರಣೆ ಹಾಕು."

ಅವಳಿಗೆ ಅಡುಗೆ ಬರುವುದಿಲ್ಲ. ಶೇಂಗಾ ಕಪ್ಪಾಯಿತು, ಎರಡನೇ ಸಲ ಹುರಿದಳು. ಕರಿಬೇವು ಸಿಡಿದಾಗ ಹಿಂದಕ್ಕೆ ಹಾರಿದಳು. ಕಿಟಕಿಗಳೆಲ್ಲ ತೆರೆದೇ ಇದ್ದವು. ಸಾಸಿವೆ ಘಾಟು ರಸ್ತೆಗೆ ಹೋಗಿ ಪಕ್ಕದ ಮನೆಯವರು ಸೀನಿದ್ದು ಕೇಳಿಸಿತು. ಇದಕ್ಕೆ ನನ್ನ ಹೆಂಡತಿಯೂ ಸಾಕ್ಷಿ.

ಅಷ್ಟರಲ್ಲಿ ಅವಳ ಫೋನಿಗೆ ಅಪ್ಪನ ವಿಡಿಯೋ ಕರೆ ಬಂತು. ಅಲ್ಲಿ ಸಂಜೆ. ಅವಳು ಫೋನನ್ನು ಮಿಕ್ಸಿಗೆ ಒರಗಿಸಿ ಕೈ ನಿಲ್ಲಿಸದೆ ಮಗುಚಿದಳು.

"ಏನ್ ಮಾಡಾಕತ್ತೀ?" ಎಂದ ಗೆಳೆಯ. ಮಗಳು ಒಲೆಯ ಮುಂದೆ ನಿಂತದ್ದು ನೋಡಿ ಮುಖ ಅರಳಿತ್ತು. "ಅಡಗಿ ಕಲತಿ ಅಂತಾತು. ಯಾರಿಗದು?"

"ಹನ್ನೊಂದನೇ ಮನೆಗೆ," ಎಂದಳು.

ಅವನು ಪರದೆಯಿಂದ ಪಕ್ಕಕ್ಕೆ ಸರಿದ. ಹಿಂದಿನ ಗೋಡೆ ಮಾತ್ರ ಉಳಿಯಿತು. ಬೆಳ್ಳಗಿನ ಸ್ವಚ್ಛ ಗೋಡೆ, ಒಂದು ಕ್ಯಾಲೆಂಡರೂ ಇಲ್ಲ, ಮೊಳೆಯೂ ಇಲ್ಲ. ಅದನ್ನು ನೋಡುತ್ತ ನಾವು ಮೂವರೂ ಕಾದೆವು. ತಾಯಿ ಬಂದಳು. ಕೆನ್ನೆ ಬತ್ತಿತ್ತು. ಮಗಳನ್ನು ನೋಡಿದಳು, ಬಾಣಲೆ ನೋಡಿದಳು, ಪಕ್ಕದಲ್ಲಿ ತೊಳೆದಿಟ್ಟಿದ್ದ ಡಬ್ಬಿ ನೋಡಿದಳು.

"ಅದು ನಂದಲ್ವಾ?"

"ನಿಂದೇ ಅಮ್ಮ. ಅವತ್ತು ಡಬ್ಬಿ ತಂದವರು ಬೆಂಗಳೂರಿಗೆ ಹೊರಟಿದಾರೆ, ಅವರಿಗೇ ಕೊಟ್ಟುಬಿಡ್ತೀನಿ. ವಾಪಸ್ ಬೇಡ ಅಂತೀನಿ."

ಗುಂಪು ಕಟ್ಟಿ ವರ್ಷಗಟ್ಟಲೆ ಒಂದೊಂದು ಡಬ್ಬಿಯನ್ನೂ ಹಿಂದಕ್ಕೆ ತರಿಸಿಕೊಂಡವಳು ಅವಳು. ಬೇಡವೆನ್ನುತ್ತಾಳೆ ಎಂದುಕೊಂಡೆ.

"ಅದರ ಮುಚ್ಚಳ ಸಡ್ಲ," ಎಂದಳು. "ಬಟ್ಟೆ ಕಟ್ಟಿ ಕೊಡು. ಪ್ಲೇನ್‌ನಲ್ಲಿ ಚೆಲ್ಲಿಹೋಗುತ್ತೆ."

ಮುಚ್ಚಳ ಸಡಿಲವಿತ್ತು ಎಂಬುದನ್ನು ನಾನು ಆ ಭಾನುವಾರದ ನೆನಪಿನಲ್ಲಿ ಆಗಲೇ ಬರೆದಿದ್ದೇನೆ. ಟಣ್ ಟಣ್ ಎಂದದ್ದನ್ನು ನಾನು ಅವತ್ತೇ ಕೇಳಿದ್ದೆನೋ, ಈ ಮಾತು ಕೇಳಿದ ಮೇಲೆ ಹಿಂದಕ್ಕೆ ಹೋಗಿ ಸೇರಿಸಿಕೊಂಡೆನೋ ತಿಳಿಯದು. ನನ್ನ ಹೆಂಡತಿ ತನ್ನ ಹಳೆಯ ಸೀರೆಯೊಂದರ ತುಂಡು ಕೊಟ್ಟಳು. ಹುಡುಗಿಗೆ ಗಂಟು ಹಾಕಲು ಬರಲಿಲ್ಲ. ತಾಯಿ ಫೋನಿನೊಳಗಿಂದ ಹೇಳುತ್ತ ಹೋದಳು: ಎಡಗಡೆಯದು ಮೇಲೆ, ಈಗ ಕೆಳಗಿಂದ ತೆಗಿ, ಎಳಿ, ಇನ್ನೂ ಸ್ವಲ್ಪ ಗಟ್ಟಿ.